ಬಣ್ಣ ಬಿಡುವ ಕಾರು

ರೂಪಶ್ರೀ ಬಂದು ಬಾಗಿಲು ತೆಗೆಯುವವರೆಗೂ ಅತ್ತೆ ಹೊಸ ಕಾರಿನ ಪಕ್ಕದಲ್ಲಿ ನಿಂತೇ ಇದ್ದರು. ಕಾರಿಗೆ ಬೀಗವೇನೂ ಹಾಕಿರಲಿಲ್ಲ, ಹಿಡಿಯೂ ಕೈಗೆ ಎಟುಕುವಂತೆಯೇ ಇತ್ತು. ಆದರೂ ಅನ್ನಪೂರ್ಣಮ್ಮನವರು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಕಾರಿಗೆ ಸೀರೆಯ ನೆರಿಗೆ ಸಹ ತಾಗದಷ್ಟು ದೂರದಲ್ಲಿ, ಯಾರದೋ ಮನೆಯ ಮುಂದೆ ಕರೆಯಲಿ ಎಂದು ಕಾಯುವವರ ಹಾಗೆ ನಿಂತಿದ್ದರು. “ತೆಗೆದೇ ಐತಲ್ರಿ ಅತ್ತೆ, ಹತ್ತಬಾರದಾ?” ಎನ್ನಲು ಹೋಗಿ ರೂಪಶ್ರೀ ನಾಲಿಗೆ ಕಚ್ಚಿಕೊಂಡಳು. ಯಾವ ಬಾಯಿಂದ ಹೇಳುವುದು? ಹೋದ ಸೋಮವಾರ ಆನೆಕೊಂಡದ ಗುಡಿಯ ಮುಂದೆ, ಅಷ್ಟು ಜನರ ಎದುರಿಗೆ, “ಮುಟ್ಟಬ್ಯಾಡ್ರಿ!” ಎಂದು ಕೂಗಿದ್ದೂ ಇದೇ ಬಾಯಿ ತಾನೆ? ಅವಳು ಬಾಗಿಲು ಹಿಡಿದು ನಿಂತಳು, ಅತ್ತೆ ಒಳಗೆ ಕೂತರು, ಇವಳೇ ಬಾಗಿಲು ಹಾಕಿದಳು. ಕೂತ ಮೇಲೂ ಆ ಕೈಗಳು ತೊಡೆಯ ಮೇಲೆ ಒಂದರ ಮೇಲೊಂದು ಮಲಗಿದ್ದವು. ಬೆಲ್ಟ್ ಹಾಕಲೂ ಅವು ಏಳಲಿಲ್ಲ. ಅದನ್ನೂ ಇವಳೇ ಬಗ್ಗಿ ಹಾಕಬೇಕಾಯಿತು. ಬಗ್ಗಿದಾಗ ಅತ್ತೆಯ ಮೈಯ ವಿಭೂತಿಯ ವಾಸನೆ ಮೂಗಿಗೆ ಬಡಿಯಿತು.

ಅವತ್ತು ಆಗಿದ್ದಾದರೂ ಏನು ಮಹಾ? ಕಾರು ಮನೆಗೆ ಬಂದ ಮೊದಲ ಸೋಮವಾರ. ಕಪ್ಪು ಕಾರು, ಬಗ್ಗಿ ನೋಡಿದರೆ ಮುಖದ ಮೊಡವೆ ಸಹ ಕಾಣುವಷ್ಟು ಕಪ್ಪು. ಪಕ್ಕದ ಮನೆಯ ಕಮಲಕ್ಕ ಪ್ರಸಾದಕ್ಕೆಂದು ಜೊತೆಯಲ್ಲೇ ಬಂದಿದ್ದಳು. ಐನೋರು ಮಂತ್ರ ಮುಗಿಸಿ ನಿಂಬೆಹಣ್ಣನ್ನು ಚಕ್ರದಡಿ ಇಡುತ್ತಿದ್ದಂತೆ ಅತ್ತೆ ವಿಭೂತಿ ತೇಯ್ದು, ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಚೀಚೆ ಉದುರಿದ ಬೂದಿ, ಅಕ್ಷತೆ, ದಾರಿಯ ಧೂಳು ಎಲ್ಲವನ್ನೂ ಒಣ ಸೆರಗಿನಿಂದ ಒತ್ತಿ ಒತ್ತಿ ಒರೆಸತೊಡಗಿದರು, ಮೈಭಾರವನ್ನೆಲ್ಲ ಅಂಗೈಗೆ ಬಿಟ್ಟು, ಮೂವತ್ತು ವರ್ಷ ಮಾವನ ಹಳೇ ಬೆಂಜ್ ಕಾರು ಒರೆಸಿದ ಅದೇ ಕೈಯಿಂದ. ಬಿಸಿಲಿನಲ್ಲಿ ಆ ಕಪ್ಪಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಎದ್ದಿದ್ದು ರೂಪಶ್ರೀಗೆ ಕಂಡಿತು. ಕಂಡದ್ದೇ ತಡ ಬಾಯಿ ಬಿಟ್ಟೇಬಿಟ್ಟಳು. “ಮುಟ್ಟಬ್ಯಾಡ್ರಿ ಅತ್ತೆ! ಗೀರು ಬೀಳ್ತಾವೆ! ನಿಮ್ಮ ಹಳೇ ಗಾಡಿ ಅಲ್ಲ ಇದು!” ಐನೋರು ತಲೆ ತಗ್ಗಿಸಿ ನಿಂಬೆಹಣ್ಣನ್ನೇ ನೋಡಿದರು. ಕಮಲಕ್ಕ ಮಾತ್ರ ಕಣ್ಣು ತೆಗೆಯಲಿಲ್ಲ. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಸೆರಗಿನೊಳಗೆ ಹೋಯಿತು. “ಹೌದಲ್ಲ, ಮರೆತಿದ್ದೆ” ಎಂದರು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳಿಗೆ ಶಾಲೆಯಲ್ಲೇ ಕಲಿಸಿದ್ದರು. ಕಲಿತು ಏನು ಬಂತು? ನಾಲಿಗೆಗೆ ಎಲುಬು ಇದೆಯೇ?

ರೂಪಶ್ರೀ ಕಾರನ್ನು ಹಳೇ ಪಿ.ಬಿ. ರಸ್ತೆಗೆ ಇಳಿಸಿ ಹರಿಹರದ ಕಡೆ ಓಡಿಸಿದಳು. ಅವತ್ತಿನಿಂದ ಅತ್ತೆ ಸಿಟ್ಟು ಮಾಡಿಲ್ಲ, ಊಟ ಬಿಟ್ಟಿಲ್ಲ, ಮಗನ ಹತ್ತಿರ ಚಾಡಿ ಹೇಳಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅಳುವುದೋ, ಎದುರಾಡುವುದೋ ಏನೋ ಒಂದು ಮಾಡಿ ಮುಗಿಸಬಹುದಿತ್ತು. ಬದಲಿಗೆ ಅವರು ಮನೆಯಲ್ಲಿ ಒಂದೊಂದೇ ವಸ್ತುವಿನಿಂದ ಕೈ ತೆಗೆಯುತ್ತ ಹೋದರು. ಫ್ರಿಜ್ ತೆಗೆಯುವ ಮುಂಚೆ “ತೆಗೀಲೇನಮ್ಮ?” ಎನ್ನುವರು. ಒಗೆದ ಬಟ್ಟೆಯನ್ನು ಮಡಿಸದೆ ಹಾಗೇ ಮಂಚದ ಮೇಲೆ ಇಟ್ಟುಬಿಡುವರು. ಏನು ಕೇಳಿದರೂ “ನಿಮ್ಮಿಷ್ಟ.” ಸಾರಿಗೆ ಹುಳಿ ಸಾಕಾ ಅತ್ತೆ? ನಿಮ್ಮಿಷ್ಟ. ಹಸಿರು ಸೀರೆ ಉಡ್ತೀರಾ? ನಿಮ್ಮಿಷ್ಟ. ರೂಪಶ್ರೀಗೆ ಆ ಮೂರಕ್ಷರ ಕೇಳಿದರೆ ಮೈ ಉರಿದು, ಆ ಉರಿ ತನ್ನ ಮೇಲೆಯೇ ತಿರುಗಿ, ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ಆ ಸದ್ದು ಕೇಳಿ ಅತ್ತೆ ಇನ್ನಷ್ಟು ಮೆತ್ತಗಾಗುತ್ತಿದ್ದರು. “ಎಸಿ ಜಾಸ್ತಿ ಆತೇನ್ರಿ?” ಎಂದು ಈಗ ಕೇಳಿದಳು. ಕೇಳಬೇಕಾಗಿದ್ದ ಮಾತು ಬೇರೆ. ಅದು ಗಂಟಲವರೆಗೆ ಬಂದು, ಬಾಯಿಯಲ್ಲಿ ಎಸಿ ಆಗಿಬಿಟ್ಟಿತು. “ನಿಮಗೆ ಹೆಂಗೆ ಬೇಕೋ ಹಂಗೆ ಇಡ್ರವ್ವ” ಎಂದರು ಅನ್ನಪೂರ್ಣಮ್ಮ, ಕಿಟಕಿಯ ಆಚೆ ದೊಡ್ಡಬಾತಿಯ ಗುಡ್ಡ ನೋಡುತ್ತ.

ಇವತ್ತು ಹರಿಹರಕ್ಕೆ ಹೋಗುತ್ತಿರುವುದೂ ಆ ಒಂದು ಕೂಗಿನ ಫಲವೇ. ಅವ್ವ ಮಂಕಾಗಿದ್ದನ್ನು ರೂಪಶ್ರೀಯ ಗಂಡ ಕೊಟ್ಟೂರೇಶ್ ಕಂಡಿದ್ದ. ಮೆಕ್ಕೆಜೋಳದ ಮಂಡಿ ನಡೆಸುವ ಮನುಷ್ಯ, ಏನಿದ್ದರೂ ಒಂದು ವ್ಯವಸ್ಥೆ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದವನು. “ಅಪ್ಪನ ಬೆಂಜ್‌ಗೆ ಹೊಸ ಪೇಂಟ್ ಹೊಡೆಸಿಬಿಡಾಣ. ಹೊಸ ಕಾರಿನಂಗೇ ಮಿಂಚಂಗೆ. ಅವ್ವ ಖುಷಿ ಆಗ್ತಾಳೆ” ಎಂದ. ಎಂದವನು ಅವತ್ತೇ ಶೆಡ್ಡಿನಿಂದ ಆ ಕಾರನ್ನು ಟೋ ಮಾಡಿಸಿ, ಹರಿಹರದ ಗುತ್ತೂರಿನ ಹತ್ತಿರದ ಹಾಲಸ್ವಾಮಿಯ ಪೇಂಟ್ ಅಂಗಡಿಗೆ ಸಾಗಿಸಿಯೂ ಬಿಟ್ಟ. ಹಳೇ ಬಣ್ಣವನ್ನು ತಗಡು ಕಾಣುವವರೆಗೆ ಕೆರೆದು ತೆಗೆದು, ಹೊಸದು ಹೊಡೆಯುವುದಂತೆ. ಕೆರೆಯುವುದು ಇವತ್ತು. ಅದಕ್ಕೆ ಮುಂಚೆ ಅವ್ವ ಬಂದು ಬಣ್ಣ ಆರಿಸಿ ಹೂಂ ಅಂದರೆ ಸಾಕು. ಅವನ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ, ಅದೇ ಕಷ್ಟ. ರೂಪಶ್ರೀಗೆ ಮಾತ್ರ ಗೊತ್ತಿತ್ತು, ಮಾವ ಬಕ್ಕೇಶಪ್ಪ ಹೋದ ಮೇಲೂ ಅತ್ತೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿಗೆ ಹೋಗಿ ಆ ಕಾರಿನ ಮೈ ಒರೆಸುವುದು. ಓಡದ ಕಾರು, ಬೀಟ್‌ರೂಟಿನ ಬಣ್ಣದ್ದು. ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತಿತ್ತು. ಮಾವನ ಹಳೇ ಧೋತರಗಳೆಲ್ಲ ಹಾಗೆ ಕೆಂಪಾಗಿ ಹೋದವು. ಮಾವ ಇದ್ದ ಕಾಲಕ್ಕೆ, ಕೆಲಸದ ಕಾಳವ್ವ ಮೊದಲ ಸಲ ಆ ಬಟ್ಟೆ ನೆನೆಹಾಕಿ ನೀರು ಕೆಂಪಾದಾಗ “ಅಯ್ಯೋ ನಮ್ಮವ್ವ, ಯಾರಿಗೇನಾತು!” ಎಂದು ಬೊಬ್ಬೆ ಹಾಕಿದ್ದಳು. ಮಾವ ಜಗಲಿಯ ಮೇಲೆ ಕೂತು ನಗುತ್ತಿದ್ದರು. “ಅನ್ನಪೂರ್ಣಿ, ಹಿಂಗೇ ಒರೆಸಿದ್ರೆ ನಾ ಸಾಯೋ ಹೊತ್ತಿಗೆ ಬಣ್ಣೆಲ್ಲ ನಿನ್ನ ಕೈಗೆ ಬಂದಿರ್ತೈತೆ, ಕಾರು ಬೆತ್ತಲೆ.” ಹಾಗೇನೂ ಆಗಲಿಲ್ಲ. ಮಾವ ಹೋದರು, ಬಣ್ಣ ಇನ್ನೂ ಇತ್ತು. ಅದನ್ನು ಇವತ್ತು ಕೆರೆಯುತ್ತಾರೆ. ಬ್ಯಾಡ ಎಂದು ಅತ್ತೆ ಒಂದೇ ಒಂದು ಮಾತು ಹೇಳಿದರೆ ಸಾಕು, ಮಗ ಆ ಕ್ಷಣವೇ ನಿಲ್ಲಿಸುತ್ತಾನೆ. ಅವರು ಹೇಳುವುದಿಲ್ಲ. ಹೇಳುವ ಬಾಯಿಯನ್ನು ಇವಳು ಮುಚ್ಚಿಸಿದ್ದಾಳೆ.

“ಅತ್ತೆ,” ಎಂದಳು ರೂಪಶ್ರೀ, “ಪೇಂಟ್ ಮಾಡ್ಸಾದು ನಿಮಗೆ ಮನಸ್ಸಿಗೆ ಬಂದೈತೇನ್ರಿ?”

“ಅವನು ಆಸೆಪಟ್ಟು ಮಾಡ್ಸಕತ್ಯಾನೆ. ಮಾಡ್ಸಲಿ.” ತಮ್ಮ ಅಂಗೈ ತಿರುಗಿಸಿ ನೋಡಿಕೊಂಡು, “ಹೊಸದಾದ್ರೆ ನಾ ದೂರ ನಿಂತು ನೋಡ್ತೀನಿ ಬಿಡ್ರಿ. ಕೈ ಒರಟಾಗ್ಯಾವೆ ನೋಡ್ರವ್ವ, ಎಲ್ಲಿ ಏನು ಗೀರ್ತಾವೋ ನನಗೇ ತಿಳಿಯಂಗಿಲ್ಲ” ಎಂದರು. ಕೊಂಕಿಲ್ಲ, ಚುಚ್ಚಿಲ್ಲ. ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದರು. ರೂಪಶ್ರೀಗೆ ರಸ್ತೆ ಮಸುಕಾಯಿತು. ಮುಂದಿನ ಲಾರಿಯ ಹಿಂದೆ ಎಷ್ಟೋ ದೂರ ಸುಮ್ಮನೆ ಹೋದಳು, ಓವರ್‌ಟೇಕ್ ಮಾಡಲೂ ತೋಚಲಿಲ್ಲ.

ಅದೇ ಕೈ ಅಲ್ಲವೇ? ತವರು ಮಾಯಕೊಂಡದಲ್ಲಿ ಮದುವೆ ಮುಗಿದ ಸಂಜೆ ಮದುಮಗಳನ್ನು ಕರೆದೊಯ್ಯಲು ಬಂದಿದ್ದು ಆ ಬೀಟ್‌ರೂಟ್ ಬೆಂಜ್. ಅಪ್ಪನದು ಸಣ್ಣ ಕಿರಾಣಿ ಅಂಗಡಿ, ಓಣಿಯಲ್ಲಿ ಅಂಥ ಕಾರು ನಿಂತದ್ದೇ ಅವತ್ತು. ಓಣಿಯ ಕೆಸರು ಅವಳ ಕಾಲಿಗೆ ಮೆತ್ತಿತ್ತು. ಗಂಡನ ಸೋದರತ್ತೆ ಗುರುಶಾಂತಮ್ಮ ಬಾಗಿಲಿಗೆ ಅಡ್ಡ ನಿಂತು, “ಏ ಹುಡುಗಿ, ಕಾಲು ಒರೆಸ್ಕೊಂಡು ಹತ್ತು, ಬೆಂಜ್ ಅದು, ನಿಮ್ಮ ಅಪ್ಪನ ಚಕ್ಕಡಿ ಅಲ್ಲ” ಎಂದಿದ್ದಳು. ಅಪ್ಪ ಹೆಗಲ ಮೇಲಿನ ಟವಲು ತೆಗೆದು ಮಗಳ ಕಾಲು ಒರೆಸಲು ಬಗ್ಗಿದ. ಅಯ್ಯೋ, ಅದನ್ನು ನೆನೆದರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ. ಆಗ ಅನ್ನಪೂರ್ಣಮ್ಮ ಒಳಗಿಂದಲೇ ಕೈ ಚಾಚಿ, “ಬೀಗ್ರೆ, ಏಳ್ರಿ ಮ್ಯಾಲೆ. ಕಾರು ಇರಾದೇ ಕೆಸರಾಗಾಕೆ. ಬಾರವ್ವ ನೀನು” ಎಂದು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದರು. ಒರಟು ಕೈ, ನಿಜ. ಆ ಒರಟಿಗೇ ಅವಳ ಅಳು ನಿಂತಿತ್ತು. ಗುರುಶಾಂತಮ್ಮನ ಬಾಯಿ ಎಂದು ವರ್ಷಗಟ್ಟಲೆ ಆಡಿಕೊಂಡು ನಕ್ಕವಳು, ಕೊನೆಗೆ ಗುಡಿಯ ಮುಂದೆ ನಿಂತು ಆ ಬಾಯನ್ನೇ ತೆರೆದಳಲ್ಲ! ಕಪ್ಪು ಕಾರು ಬಂದ ದಿನ ತಾನೂ ದೊಡ್ಡ ಮನೆಯವಳಾದೆ ಎಂದುಕೊಂಡಿದ್ದಳು. ಥೂ, ಎಂಥ ದೊಡ್ಡತನ.

ಹಾಲಸ್ವಾಮಿಯ ಶೆಡ್ಡಿನ ಮುಂದೆ ಬೀಟ್‌ರೂಟ್ ಕಾರು ನಿಂತಿತ್ತು. ಅತ್ತೆಯ ಕೈ ಬೀಳದ ಇಷ್ಟು ದಿನಕ್ಕೇ ಅದರ ಮೈಮೇಲೆ ಬಿಳಿ ಬಿಳಿಯಾಗಿ ಬೂಷ್ಟಿನ ಹಾಗೆ ಮಸುಕು ಏರಿತ್ತು. ಹೊಸ ಕಾರನ್ನು ಅದರ ಪಕ್ಕಕ್ಕೇ ತಂದು ನಿಲ್ಲಿಸಿದಾಗ ಹಳೆಯದು ಇನ್ನೂ ಬಡವಾಗಿ ಕಂಡಿತು. ಹಾಲಸ್ವಾಮಿ ಅಂಗಿಯ ತುಂಬ ನಾನಾ ಬಣ್ಣದ ಚುಕ್ಕೆಗಳನ್ನು ಹೊತ್ತ, ಬಾಯಿ ಮುಚ್ಚಿ ಗೊತ್ತಿಲ್ಲದ ಆಳು. “ಬರ್ರಿ ಅಮ್ಮಾರೆ, ಕೂಡ್ರಿ, ಚಾ ತರಿಸ್ಲಾ? ಸಾಹುಕಾರ್ರು ಒಳ್ಳೆ ಕೆಲ್ಸಕ್ಕೆ ಕೈ ಹಾಕ್ಯಾರೆ” ಎಂದು ಶುರುವಿಟ್ಟುಕೊಂಡ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೊಂದನ್ನು ಜೇಬಿನಿಂದ ತೆಗೆದು, ಆಟಿಕೆ ತೋರಿಸುವ ಉತ್ಸಾಹದಲ್ಲಿ ಹಳೇ ಕಾರಿಗೊಮ್ಮೆ, ಹೊಸ ಕಾರಿಗೊಮ್ಮೆ ಒತ್ತಿದ. “ನೋಡ್ರಿ ಮೇಡಂ, ಹಳೇದ್ರಾಗೆ ಹೆಚ್ಚು ಕಮ್ಮಿ ಡಬಲ್ ಬರ್ತೈತೆ. ಅಷ್ಟು ದಪ್ಪ. ಅದ್ಕೇ ಎಲ್ರೂ ಹಳೇ ಕಾರಿನ ಪೇಂಟೇ ಪೇಂಟು ಅಂತಾರೆ. ನಾ ಒಪ್ಪಂಗಿಲ್ರಿ. ದಪ್ಪ ಬೇರೆ, ಗಟ್ಟಿ ಬೇರೆ. ಇದು ಮೆತ್ತಗಿನ ಬಣ್ಣ, ತಳದ ತನಕ ಬರೀ ಬಣ್ಣನೇ. ಬಿಸಿಲು ಬಿದ್ರೆ ಬೆಳ್ಳಗಾತು, ತಿಕ್ಕಿದ್ರೆ ಮತ್ತೆ ಕೆಂಪಾತು. ದಿನಾ ಯಾರ್ ತಿಕ್ತಾರ್ರಿ ಈಗ? ಹೊಸದ್ರಾಗೆ ಬಣ್ಣ ತೆಳ್ಳಗೆ, ಅದ್ರ ಮ್ಯಾಲೆ ಗಾಜಿನಂಗೆ ಒಂದು ಪದರ. ತಾನಾಗೇ ಹೊಳೀತಾ ಇರ್ತೈತೆ. ಯಾರೂ ಕೈ ಹಚ್ಚಾದೇ ಬ್ಯಾಡ.”

“ಕೈ ಹಚ್ಚಾದು ಬ್ಯಾಡ” ಎಂದರು ಅನ್ನಪೂರ್ಣಮ್ಮ ತಮ್ಮಷ್ಟಕ್ಕೆ ತಾವೇ, ಪಾಠ ಒಪ್ಪಿಸುವವರ ಹಾಗೆ.

ರೂಪಶ್ರೀ ಮಾತು ತಿರುಗಿಸಲು ಕಪ್ಪು ಬಾನೆಟ್ಟಿನ ಮೇಲಿನ ಬಲೆಗೀರು ತೋರಿಸಿದಳು. “ಇದಕ್ಕೇನು ಮಾಡಾದ್ರಿ?” ಹಾಲಸ್ವಾಮಿ ಓರೆಯಾಗಿ ನೋಡಿ ನಕ್ಕುಬಿಟ್ಟ. “ಇದಾ? ಬಟ್ಟೆ ಗೀರು. ಕಪ್ಪು ಗಾಡಿ ತಗೊಂಡ ಮ್ಯಾಲೆ ಇವು ಇದ್ದೇ ಇರ್ತಾವೆ ಮೇಡಂ. ನೀವು ಎಷ್ಟೇ ನಾಜೂಕಾಗಿ ತೊಳೀರಿ, ಬೀಳ್ತಾವೆ. ಒಂದು ಸಲ ಮಶೀನ್ ತಿರುಗಿಸಿದ್ರೆ ಮಾಯ. ಇದಕ್ಕ್ಯಾಕ ತಲೆ ಕೆಡಿಸ್ಕಂತೀರಿ?” ಇದಕ್ಕೆ. ಇದಿಷ್ಟಕ್ಕೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಅತ್ತೆ ಕೇಳಿಸಿಕೊಂಡರೋ ಎಂದು ತಿರುಗಿದರೆ, ಅವರು ಹಳೇ ಕಾರಿನ ಎದುರಿಗೆ ನಿಂತಿದ್ದರು. ಕೈಗಳು ಬೆನ್ನ ಹಿಂದೆ ಇದ್ದವು. ತಮ್ಮ ಗಂಡನ ಕಾರು, ತಮ್ಮದೇ ಕೈಯಲ್ಲಿ ಸವೆದ ಬಣ್ಣ, ಅದಕ್ಕೂ ಅವರು ಕೈ ತಾಗಿಸುತ್ತಿರಲಿಲ್ಲ. ಹಾಲಸ್ವಾಮಿ ಬಣ್ಣದ ಮಾದರಿ ಬಿಲ್ಲೆಗಳನ್ನು ಅವರ ಮುಖದ ಮುಂದೆ ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದ. “ಯಾವ ಕೆಂಪು ಅಮ್ಮಾರೆ? ಇದು ಜನ ಭಾಳ ಕೇಳ್ತಾರೆ. ಇದ್ರಾಗೆ ಮಿಣಿಮಿಣಿ ಇರ್ತೈತೆ.” “ಅವರಿಗೆ ಯಾವುದು ಹಿಡಿಸ್ತೈತೋ ಅದು ಮಾಡಪ್ಪ” ಎಂದರು ಅತ್ತೆ.

ಅಷ್ಟರಲ್ಲಿ ಕೊಟ್ಟೂರೇಶನ ಫೋನ್ ಬಂತು. ಹಿಂದೆ ಮಂಡಿಯ ಗದ್ದಲ. “ಏನಂದಳು ಅವ್ವ? ಹೂಂ ಅಂದಳಾ? ಹಾಲಸ್ವಾಮಿಗೆ ಶುರು ಮಾಡು ಅನ್ನು.” ಇಲ್ಲ ಕಣ್ರಿ, ಅವರಿಗೆ ಇಷ್ಟ ಇಲ್ಲ ಎಂದು ರೂಪಶ್ರೀ ಹೇಳಬಹುದಿತ್ತು. ಆದರೆ ಅತ್ತೆಯ ಪರವಾಗಿ ಮಾತಾಡಲು ಅವಳು ಯಾರು ಈಗ? ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮುಖದ ಹತ್ತಿರ ಹಿಡಿದಳು. ಹೇಳ್ರಿ ಅತ್ತೆ, ದಮ್ಮಯ್ಯ ಅಂತೀನಿ, ಬ್ಯಾಡ ಅನ್ರಿ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಅನ್ನಪೂರ್ಣಮ್ಮ ಕಾರನ್ನು ನೋಡಿದರು, ಸೊಸೆಯನ್ನು ನೋಡಿದರು. “ಹೂಂನಪ್ಪ ಕೊಟ್ರ. ನಿಮ್ಮಿಷ್ಟ” ಎಂದರು. ಕೊನೆಯ ಅಕ್ಷರದಲ್ಲಿ ದನಿ ಸ್ವಲ್ಪ ಒಡೆಯಿತು, ಅದು ಮಂಡಿಯ ಗದ್ದಲದಲ್ಲಿ ಮಗನಿಗೆ ಕೇಳಿಸಿರಲಾರದು. ಹಾಲಸ್ವಾಮಿ ಬಕೆಟ್ಟಿನಲ್ಲಿ ನೆನೆಸಿದ್ದ ಉಜ್ಜುವ ಕಾಗದ ತೆಗೆದು ನೀರು ಜಾಡಿಸಿ, ಬಾನೆಟ್ಟಿನ ಕಡೆ ಬಂದ.

ರೂಪಶ್ರೀ ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಫೋನನ್ನು ಸ್ಟೂಲಿನ ಮೇಲೆ ಕುಕ್ಕಿ, ಅಲ್ಲೇ ಬಿದ್ದಿದ್ದ ಚಿಂದಿಯೊಂದನ್ನು ಬಾಚಿಕೊಂಡು, ಹಾಲಸ್ವಾಮಿಗೂ ಕಾರಿಗೂ ನಡುವೆ ನುಗ್ಗಿದಳು. “ತಡೀರಿ, ಒಂಚೂರು ತಡೀರಿ. ತಿಕ್ಕಿದ್ರೆ ಕೆಂಪಾಗ್ತೈತೆ ಅಂದ್ರಲ್ಲ, ಆಗ್ತೈತೇನೋ ನೋಡ್ತೀನಿ” ಎನ್ನುತ್ತ ಬಾನೆಟ್ಟಿನ ಮೇಲೆ ಬಗ್ಗಿ ತಿಕ್ಕತೊಡಗಿದಳು. ಜನ್ಮದಲ್ಲಿ ಕಾರು ಒರೆಸಿದವಳಲ್ಲ. ರೊಟ್ಟಿ ಹಂಚು ಉಜ್ಜುವವಳ ಹಾಗೆ ಗರಗರ ಸುತ್ತಿಸಿದಳು. ಬಳೆಗಳು ತಗಡಿಗೆ ಬಡಿದು ಟಣಟಣ ಎಂದವು, ಕೂದಲು ಬಿಚ್ಚಿ ಮುಖದ ಮೇಲೆ ಬಿತ್ತು, ಮೂಗು ಸುರಿಯತೊಡಗಿತು. “ಮೇಡಂ, ಮೇಡಂ” ಎಂದ ಹಾಲಸ್ವಾಮಿ. ಸ್ಟೂಲಿನ ಮೇಲಿಂದ ಗಂಡ “ಹಲೋ? ಏನಾತು? ಹಲೋ?” ಎನ್ನುತ್ತಿದ್ದ. ಇವಳು ತಿಕ್ಕುತ್ತಲೇ ಇದ್ದಳು. ಕೆಂಪೂ ಬರಲಿಲ್ಲ, ಗಿಂಪೂ ಬರಲಿಲ್ಲ, ಕರಿ ಎಣ್ಣೆಯ ಕಲೆಯೊಂದು ಹರಡುತ್ತ ಹೋಯಿತು.

“ಏ ಏ ಏ! ಏನೇ ಅದು? ಬಿಡೇ ಕೈ! ನಿಮ್ಮಪ್ಪನ ಮನಿ ಬೋಗುಣಿ ತಳ ಅನ್ಕಂಡಿಯೇನು?”

ರಟ್ಟೆಯನ್ನು ಯಾರೋ ಹಿಡಿದು ಸೆಳೆದರು. ಅದು ಅತ್ತೆಯ ಕೈ. “ಹುಚ್ಚಿ, ಚಿಂದಿ ತುಂಬ ಮರಳು ಐತೆ ನೋಡಲ್ಲಿ! ಬಳೆ ತೆಗೀದೇ ಯಾರಾದ್ರೂ ಕಾರಿಗೆ ಕೈ ಹಚ್ತಾರಾ? ಗಾಳಿ ಹೋಗೋ ದಿಕ್ಕಿಗೆ ಒರೆಸ್ಬೇಕು, ಮೂತಿಯಿಂದ ಹಿಂದಕ್ಕೆ. ಸುತ್ತಿಸ್ತಾಳಂತೆ ಸುತ್ತಿ!” ಅನ್ನಪೂರ್ಣಮ್ಮನವರ ಮುಖ ಕೆಂಪಾಗಿತ್ತು. ಚಿಂದಿ ಕಿತ್ತು ಎಸೆದರು. “ಏ ಹಾಲಸ್ವಾಮಿ, ಬಾಯಿ ಬಿಟ್ಕಂಡು ಏನು ನೋಡ್ತೀಯೋ? ಒಂದು ಒಗೆದ ಬಟ್ಟೆ ತಾ. ಪಾಲಿಶ್ ಡಬ್ಬಿ ತಾ. ಆ ಹಾಳು ಕಾಗದ ಅತ್ಲಾಗೆ ಇಡು, ಇದರ ಹತ್ರ ತರಬ್ಯಾಡ.” ಮಂಡಿಯಲ್ಲಿ ಹಮಾಲರಿಗೆ ಹೇಳುತ್ತಿದ್ದ ಬಕ್ಕೇಶಪ್ಪನವರ ದನಿಯೇ ಅದು. ಹಾಲಸ್ವಾಮಿ ಓಡಿದ. ಸ್ಟೂಲಿನ ಮೇಲೆ “ಅವ್ವಾ? ಏನವ್ವಾ?” ಎಂಬ ಕೂಗಿಗೆ ಅವರು ಬಗ್ಗಿ, “ಕೊಟ್ರ, ಪೇಂಟು ಬ್ಯಾಡ. ನನಗೆ ಮನಸ್ಸಿಲ್ಲ. ಇಡು ಫೋನು” ಎಂದರು.

ಬಟ್ಟೆ ಬಂತು. ಅತ್ತೆ ಬಳೆಗಳನ್ನು ಕಳಚಿಟ್ಟು, ಪಾಲಿಶನ್ನು ಬೆರಳ ತುದಿಯಲ್ಲಿ ಮುಟ್ಟಿಸಿ, ಮೂತಿಯಿಂದ ಹಿಂದಕ್ಕೆ ಉದ್ದುದ್ದ ಒರೆಸತೊಡಗಿದರು. ಮೊದಲು ಕರಿಕಲೆ ಹೋಯಿತು, ಆಮೇಲೆ ಬೂಷ್ಟು ಹೋಯಿತು, ಅದರ ಕೆಳಗಿನಿಂದ ಕೆಂಪು ಎದ್ದು ಬಂತು, ಹಸೀ ಬೀಟ್‌ರೂಟನ್ನು ಈಗ ತಾನೇ ಹೆಚ್ಚಿದ ಹಾಗೆ. ಬಟ್ಟೆಯೂ ಕೆಂಪಾಯಿತು, ಅಂಗೈಯೂ. ರೂಪಶ್ರೀ ಆ ಕೈ ಹೋಗಿ ಬರುವುದನ್ನೇ ನೋಡುತ್ತ ನಿಂತಳು. ಅವಳಿಗೆ ಅಳು ತಡೆಯಲಾಗಲಿಲ್ಲ. “ಅವತ್ತು ನಾನು ಹಂಗೆ ಕೂಗಬಾರದಿತ್ತು ಅತ್ತೆ. ಅಷ್ಟು ಜನದ ಮುಂದೆ. ತಪ್ಪಾತ್ರಿ. ಅವತ್ತೇ ಹೇಳ್ಬೇಕಂತಿದ್ದೆ, ಹೆಂಗೆ ಹೇಳಾದು ತಿಳೀಲಿಲ್ಲ.”

ಅನ್ನಪೂರ್ಣಮ್ಮ ಒರೆಸುವುದು ನಿಲ್ಲಿಸಲಿಲ್ಲ. “ಕೂಗಿದ್ದಕ್ಕೆ ಯಾರು ಏನಂದ್ರು? ಈ ಕಾರು ಬಂದ ಹೊಸದ್ರಾಗೆ ನಾನೂ ನಮ್ಮತ್ತೆಗೆ ಕೂಗಿದ್ದೆ. ಅದಲ್ಲ. ಆಮ್ಯಾಲೆ ನೀನು ಒಂದು ದಿನಾನೂ ನನ್ನ ಮ್ಯಾಲೆ ರೇಗಲಿಲ್ಲ, ಜಗಳ ಆಡಲಿಲ್ಲ. ಬರೀ ಹುಳಿ ಸಾಕಾ, ಉಪ್ಪು ಸಾಕಾ. ಮನಿಗೆ ಬಂದ ನೆಂಟರನ್ನ ಕೇಳ್ದಂಗೆ. ನನ್ನ ಸೊಸಿ ನನ್ನ ಬಿಟ್ಟೇಬಿಟ್ಟಳು ಅನ್ಕಂಡೆ.”

“ನಾನು, ನೀವೇ ಬಿಟ್ರಿ ಅನ್ಕಂಡೆ” ಎಂದಳು ರೂಪಶ್ರೀ, ಮುಂದಿನದು ಬಿಕ್ಕಿನಲ್ಲಿ ಸಿಕ್ಕಿಕೊಂಡಿತು.

ಅತ್ತೆ ಕೈಯ ಬಟ್ಟೆಯನ್ನು ಪರ್ರನೆ ಎರಡಾಗಿ ಹರಿದರು. ಒಂದನ್ನು ಸೊಸೆಯ ಎದೆಗೆ ಒತ್ತಿದರು. ಅವಳ ಬಿಳಿ ಕುಪ್ಪಸದ ಮೇಲೆ ಕೆಂಪು ಅಂಟಿತು, ಇಬ್ಬರೂ ಅದನ್ನು ನೋಡಿದರು.

“ಅಳಾದು ಮನಿಗೆ ಹೋಗಿ ಅತ್ತರಾಯ್ತು. ಬಳೆ ತೆಗಿ. ಆ ಕಡಿ ಮಡ್‌ಗಾರ್ಡ್ ನಿಂದು.”